ಇನ್ನು ಮುಂದೆ ಸೂಪಿನ ರಾಮೆನ್ ಪಾರ್ಸೆಲ್ ಇಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ಮೊದಲು ವಿಷಯ ಹೇಳಿಬಿಡುತ್ತೇವೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮಲ್ಲಿ ಬಿಸಿ ಸೂಪಿನ ರಾಮೆನ್ (ಸೂಪಿನಲ್ಲಿ ಬಡಿಸುವ ಜಪಾನಿ ನೂಡಲ್ಸ್) ಪಾರ್ಸೆಲ್ ಸಿಗುವುದಿಲ್ಲ. ಆ್ಯಪ್ ಮೂಲಕ ಮನೆಗೆ ಕಳಿಸುವುದೂ ನಿಲ್ಲುತ್ತದೆ, ಕೌಂಟರಿನಲ್ಲಿ ನಿಂತು ಕಟ್ಟಿಸಿಕೊಳ್ಳುವುದೂ ನಿಲ್ಲುತ್ತದೆ. ಸೋಯಾ ಸಾಸಿನ ಶೋಯು, ಉಪ್ಪಿನ ಶಿಯೊ, ಹುದುಗಿಸಿದ ಸೋಯಾದ ಮಿಸೊ, ಮೂರಕ್ಕೂ ಇದೇ ನಿಯಮ. ಅಂಗಡಿ ಎಲ್ಲಿಗೂ ಹೋಗುತ್ತಿಲ್ಲ. ದರ ಏರುತ್ತಿಲ್ಲ. ಪಾರ್ಸೆಲ್ ಕಟ್ಟುತ್ತಿದ್ದ ನಮ್ಮವರು ಇನ್ನು ಒಳಗಿನ ಟೇಬಲ್‌ಗಳನ್ನು ನೋಡಿಕೊಳ್ಳುತ್ತಾರೆ.

ತಣ್ಣಗೆ ತಿನ್ನುವ ಸೋಬಾ ನೂಡಲ್ಸ್ ಮತ್ತು ಸೂಪಿನಲ್ಲಿ ಅದ್ದಿ ತಿನ್ನುವ ತ್ಸುಕೆಮೆನ್ ನೂಡಲ್ಸ್ ಮೊದಲಿನಂತೆಯೇ ಪಾರ್ಸೆಲ್ ಸಿಗುತ್ತವೆ. ಸೂಪಿನ ರಾಮೆನ್ ಮನೆಯಲ್ಲೇ ಬೇಕು ಅನ್ನುವವರಿಗಾಗಿ ಹಸಿ ನೂಡಲ್ಸಿನ ಕಿಟ್ ಒಂದನ್ನು ತಯಾರು ಮಾಡಿದ್ದೇವೆ. ಅದರ ವಿವರ ಮುಂದೆ ಬರೆದಿದ್ದೇವೆ.

ಈಗ ಕಾರಣ. ರಾಮೆನ್ ಬಟ್ಟಲು ಚೆನ್ನಾಗಿರುವುದು ಕೆಲವೇ ನಿಮಿಷ. ಇದು ನಮ್ಮ ಹಟ ಅಂತ ಅನ್ನಿಸಬಹುದು. ಆದರೆ ಆ ಬಟ್ಟಲಿನೊಳಗೆ ಏನು ನಡೆಯುತ್ತದೆ ಅಂತ ಗೊತ್ತಾದರೆ ನೀವೂ ಒಪ್ಪುತ್ತೀರಿ ಎಂಬ ನಂಬಿಕೆ ನಮಗಿದೆ.

ರಾಮೆನ್ ನೂಡಲ್ಸಿಗೆ ಬೇಕಾದ್ದು ಗೋಧಿ ಹಿಟ್ಟು, ನೀರು, ಉಪ್ಪು ಮತ್ತು ಕಾನ್ಸುಯಿ ಎಂಬ ಕ್ಷಾರ. ಕಾನ್ಸುಯಿಯಲ್ಲಿ ಮುಖ್ಯವಾಗಿ ಸೋಡಿಯಂ ಕಾರ್ಬೊನೇಟ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತವೆ. ನೂಡಲ್ಸಿಗೆ ಆ ಹಳದಿ ಬಣ್ಣ ಬರುವುದು ಇದರಿಂದಲೇ. ಮೊಟ್ಟೆ ಹಾಕಿದ್ದೀರಾ ಅಂತ ತುಂಬ ಜನ ಕೇಳುತ್ತಾರೆ. ನಮ್ಮದರಲ್ಲಿ ಮೊಟ್ಟೆ ಇಲ್ಲ. ಹಿಟ್ಟಿನಲ್ಲೇ ಇರುವ ಕೆಲವು ಅಂಶಗಳು ಕ್ಷಾರ ತಾಗಿದಾಗ ಹಳದಿಯಾಗುತ್ತವೆ. ಕಚ್ಚಿದಾಗ ಹಲ್ಲಿಗೆ ಎದುರು ಕೊಡುವ ಆ ಪುಟಿತವೂ ಕ್ಷಾರದ್ದೇ ಕೆಲಸ.

ನೂಡಲ್ಸ್ ಬೆಂದು ಈಚೆ ಬಂದ ಕ್ಷಣದಲ್ಲಿ ಅದರ ಹೊರಪದರ ನೀರು ಕುಡಿದು ಮೆತ್ತಗಾಗಿರುತ್ತದೆ, ನಡುಭಾಗದಲ್ಲಿ ನೀರು ಕಡಿಮೆ ಇರುತ್ತದೆ. ಹೊರಗೆ ಮೃದು, ಒಳಗೆ ಬಿಗಿ. ನಾಲಿಗೆಗೆ ಹಿತ ಕೊಡುವುದು ಈ ವ್ಯತ್ಯಾಸವೇ. ಬಿಸಿ ಸೂಪಿನಲ್ಲಿ ಸುಮ್ನೆ ಬಿಟ್ಟರೆ ನೀರು ಒಳಗೂ ಇಳಿಯುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಒಳಗೂ ಹೊರಗೂ ಒಂದೇ ಹದ ಬಂದುಬಿಡುತ್ತದೆ. ಎಳೆಗಳು ಊದಿಕೊಳ್ಳುತ್ತವೆ, ಸೂಪು ತಗ್ಗುತ್ತದೆ, ಪಿಷ್ಟ ಬಿಟ್ಟುಕೊಂಡು ಸೂಪಿನ ರುಚಿಯೂ ಮಂಕಾಗುತ್ತದೆ. ಒಮ್ಮೆ ಹೀಗಾದ ನೂಡಲ್ಸನ್ನು ಮತ್ತೆ ಬಿಸಿ ಮಾಡಿದರೆ ಬಿಗಿ ಮರಳಿ ಬರುವುದಿಲ್ಲ.

ನೂಡಲ್ಸನ್ನೂ ಸೂಪನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಕೊಡಬಹುದಲ್ವಾ? ಇಷ್ಟು ದಿನ ಕೊಡುತ್ತಿದ್ದದ್ದೂ ಹಾಗೆಯೇ. ಬೆಂದ ನೂಡಲ್ಸನ್ನು ಹಾಗೇ ಡಬ್ಬಿಗೆ ತುಂಬಿದರೆ ಮೈಮೇಲಿನ ಪಿಷ್ಟದಿಂದ ಎಳೆಗಳು ಒಂದಕ್ಕೊಂದು ಅಂಟಿ ಉಂಡೆಯಾಗುತ್ತವೆ. ತಣ್ಣೀರಿನಲ್ಲಿ ತೊಳೆದರೆ ಅಂಟುವುದಿಲ್ಲ. ಆದರೆ ಆ ತಣ್ಣಗಿನ ನೂಡಲ್ಸ್ ಸೂಪಿಗೆ ಬಿದ್ದಕೂಡಲೇ ಸೂಪಿನ ಬಿಸಿ ಇಳಿಯುತ್ತದೆ. ಎಣ್ಣೆ ಸವರಿದರೆ ಸೂಪು ಎಳೆಗೆ ಹಿಡಿಯುವುದಿಲ್ಲ. ಯಾವ ದಾರಿ ಹಿಡಿದರೂ ಒಂದನ್ನು ಕಳೆದುಕೊಳ್ಳಬೇಕು.

ಘಮದ ವಿಷಯವೂ ಇದೆ. ರಾಮೆನ್ ಬಟ್ಟಲಿನ ತಳಕ್ಕೆ ಮೊದಲು ಹೋಗುವುದು ತಾರೆ, ಅಂದರೆ ಉಪ್ಪು ರುಚಿಯ ಗಟ್ಟಿ ರಸ. ಅದರ ಮೇಲೆ ಕುದಿಯುವ ಸೂಪು, ಕೊನೆಗೆ ಬೆಳ್ಳುಳ್ಳಿ ಅಥವಾ ಈರುಳ್ಳಿಯ ಘಮ ಹಿಡಿದ ಎಣ್ಣೆ. ಈ ಎಣ್ಣೆ ಸೂಪಿನ ಮೇಲೆ ತೆಳ್ಳಗೆ ಹರಡಿ ಬಿಸಿಯನ್ನು ಹಿಡಿದಿಡುತ್ತದೆ. ಚಳಿ ಜಾಸ್ತಿ ಇರುವ ಉತ್ತರ ಜಪಾನಿನ ಸಪ್ಪೊರೊದಲ್ಲಿ ಮಿಸೊ ರಾಮೆನ್ ಮೇಲೆ ಕೊಬ್ಬಿನ ಪದರ ದಪ್ಪಗಿರುವುದೂ ಅದಕ್ಕೇ. ಜಪಾನಿನಲ್ಲಿ ನೂಡಲ್ಸನ್ನು ಸುರ್ರನೆ ಸದ್ದು ಮಾಡಿ ಎಳೆದುಕೊಳ್ಳುತ್ತಾರೆ. ಗಾಳಿಯೂ ಜೊತೆಗೆ ಒಳಗೆ ಹೋಗುವುದರಿಂದ ಸುಡುವ ಎಳೆ ತುಸು ತಣಿಯುತ್ತದೆ, ಘಮ ಬಾಯಿಯ ಹಿಂದಿನಿಂದ ಮೂಗಿಗೇರುತ್ತದೆ. ಡಬ್ಬಿಯ ಮುಚ್ಚಳಕ್ಕೆ ಅಂಟಿದ ಹನಿಗಳಲ್ಲಿ ಆ ಘಮದ ಒಂದು ಪಾಲು ಹೋಗಿರುತ್ತದೆ.

ಜಪಾನಿನಲ್ಲೇ ಮನೆಗೆ ಕಳಿಸುತ್ತಾರಲ್ಲ ಅಂತ ತಿಳಿದವರು ಕೇಳಬಹುದು. ಹೌದು, ಅಲ್ಲಿ ದೆಮಾಯೆ ಎಂಬ ಹಳೆಯ ಪದ್ಧತಿಯಿದೆ. ಸೋಬಾ ಅಂಗಡಿಯ ಹುಡುಗರು ಹೆಗಲ ಮೇಲೆ ತಟ್ಟೆಗಳನ್ನು ಎತ್ತರಕ್ಕೆ ಪೇರಿಸಿ, ಒಂದೇ ಕೈಯಲ್ಲಿ ಸೈಕಲ್ ಹಿಡಿದು ಹೋಗುತ್ತಿದ್ದರು. ಆಮೇಲೆ ಸೂಪು ತುಳುಕದಂತೆ ಬೈಕಿನ ಹಿಂದೆ ತೂಗುಹಾಕುವ ಸಾಧನವೂ ಬಂತು. ಆದರೆ ಅದು ಪಕ್ಕದ ಬೀದಿಗಳ ಸೇವೆ. ಅಂಗಡಿಯ ಬಟ್ಟಲೇ ಮನೆಗೆ ಹೋಗುತ್ತಿತ್ತು, ಖಾಲಿ ಬಟ್ಟಲನ್ನು ಆಮೇಲೆ ಬಂದು ಒಯ್ಯುತ್ತಿದ್ದರು. ನಗರದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಸಿಗ್ನಲ್ ಮೇಲೆ ಸಿಗ್ನಲ್ ದಾಟಿ ಹೋಗುವ ಪಾರ್ಸೆಲ್‌ಗೂ ಅದಕ್ಕೂ ಹೋಲಿಕೆಯಿಲ್ಲ.

ದೂರ ಹೋಗಲೆಂದೇ ಹುಟ್ಟಿದ ನೂಡಲ್ಸ್ ಬೇರೆಯೇ ಇದೆ, ಅದು ಇನ್‌ಸ್ಟಂಟ್ ನೂಡಲ್ಸ್. ಜಪಾನಿನ ಉದ್ಯಮಿ ಮೊಮೊಫುಕು ಆಂಡೊ 1958ರಲ್ಲಿ ಬೆಂದ ನೂಡಲ್ಸನ್ನು ಎಣ್ಣೆಯಲ್ಲಿ ಕರಿದು ಅದರ ನೀರನ್ನೆಲ್ಲ ಹೊರಹಾಕಿದರು. ಕರಿಯುವಾಗ ನೀರು ಆವಿಯಾಗಿ ಹೋದ ಕಡೆಯೆಲ್ಲ ಸಣ್ಣ ರಂಧ್ರಗಳು ಉಳಿಯುತ್ತವೆ, ಬಿಸಿನೀರು ಹಾಕಿದಾಗ ಅವುಗಳ ಮೂಲಕ ನೀರು ಒಳಗಿಳಿಯುತ್ತದೆ. 1971ರಲ್ಲಿ ಅದು ಕಪ್‌ನಲ್ಲಿ ಬಂತು. ಆ ಜಾಣ್ಮೆಯ ಬಗ್ಗೆ ನಮಗೆ ನಿಜವಾದ ಗೌರವವಿದೆ. ದೂರದ ಸಮಸ್ಯೆಯನ್ನು ಅವರು ನೂಡಲ್ಸಿನಲ್ಲೇ ಪರಿಹರಿಸಿದರು. ನಾವು ಪ್ರತಿದಿನ ಬೆಳಿಗ್ಗೆ ನಾದಿ ಕತ್ತರಿಸುವ ಹಸಿ ನೂಡಲ್ಸ್ ಆ ಕೆಲಸಕ್ಕೆ ಆಗುವುದಿಲ್ಲ.

ತ್ಸುಕೆಮೆನ್ ಮತ್ತು ಸೋಬಾ ಪಾರ್ಸೆಲ್ ಉಳಿಸಿಕೊಂಡಿದ್ದಕ್ಕೂ ಇದೇ ಕಾರಣ. ತ್ಸುಕೆಮೆನ್‌ನಲ್ಲಿ ದಪ್ಪ ನೂಡಲ್ಸನ್ನು ಬೇಯಿಸಿ, ತಣ್ಣೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು, ಬೇರೆ ಬಟ್ಟಲಿನ ಗಟ್ಟಿ ಸೂಪಿನಲ್ಲಿ ಅದ್ದಿ ತಿನ್ನುತ್ತಾರೆ. ತೋಕಿಯೊದ ರಾಮೆನ್ ಬಾಣಸಿಗ ಕಝುವೊ ಯಮಗಿಶಿ ಇದನ್ನು 1955ರಲ್ಲಿ ಅಂಗಡಿಯ ಪಟ್ಟಿಗೆ ಸೇರಿಸಿದರು. ಮೂಲದಲ್ಲಿ ಅದು ಅಡುಗೆಯವರು ಕೆಲಸದ ನಡುವೆ ತಾವೇ ತಿನ್ನುತ್ತಿದ್ದ ಊಟ, ಉಳಿದ ನೂಡಲ್ಸನ್ನು ಸೂಪಿನಲ್ಲಿ ಅದ್ದಿಕೊಳ್ಳುತ್ತಿದ್ದರು. 1961ರಲ್ಲಿ ಯಮಗಿಶಿ ಅದೇ ನಗರದ ಹಿಗಾಶಿ ಇಕೆಬುಕುರೊದಲ್ಲಿ ತಮ್ಮದೇ ಅಂಗಡಿ ತೆರೆದರು. ಅದರ ಮುಂದಿನ ಸಾಲು ತುಂಬ ಹೆಸರಾಯಿತು. ತ್ಸುಕೆಮೆನ್ ಮೊದಲಿನಿಂದಲೂ ತಣ್ಣಗಿನ, ತೊಳೆದ ನೂಡಲ್ಸೇ ಆದ್ದರಿಂದ ಪಾರ್ಸೆಲ್‌ನಲ್ಲಿ ಅದಕ್ಕೆ ಆಗುವ ನಷ್ಟ ಕಡಿಮೆ. ಮನೆಗೆ ಹೋದಮೇಲೆ ಸೂಪನ್ನು ಮಾತ್ರ ಕುದಿಸಿಕೊಳ್ಳಿ. ನೂಡಲ್ಸಿಗೆ ಒಂದು ಸಲ ತಣ್ಣೀರು ತೋರಿಸಿ ಸೋಸಿದರೆ ಎಳೆಗಳು ಬಿಡಿಬಿಡಿಯಾಗುತ್ತವೆ. ತಿಂದ ಮೇಲೆ ಉಳಿದ ಸೂಪಿಗೆ ದಾಶಿ ಎಂಬ ಬಿಸಿ ತಿಳಿಸಾರು ಬೆರೆಸಿ ಕುಡಿಯಬಹುದು, ಅದರ ಚಿಕ್ಕ ಬಾಟಲಿಯನ್ನು ನಾವೇ ಜೊತೆಗಿಟ್ಟಿರುತ್ತೇವೆ.

ಇನ್ನು ಕಿಟ್. ಹೊರಗೆ ಬರಲು ಕಷ್ಟವಾಗುವ ಹಿರಿಯರು, ಚಿಕ್ಕ ಮಕ್ಕಳಿರುವ ಮನೆಯವರು, ತಡರಾತ್ರಿ ಕೆಲಸ ಮುಗಿಸುವವರು ನಮ್ಮ ಪಾರ್ಸೆಲ್ ನಂಬಿಕೊಂಡಿದ್ದರು ಅಂತ ನಮಗೆ ಗೊತ್ತು. ಈ ನಿರ್ಧಾರ ತೆಗೆದುಕೊಳ್ಳುವಾಗ ಅಡುಗೆಮನೆಯಲ್ಲಿ ಜಾಸ್ತಿ ಮಾತಾಡಿದ್ದು ಇವರ ಬಗ್ಗೆಯೇ. ಕಿಟ್ಟಿನಲ್ಲಿ ಹಸಿ ನೂಡಲ್ಸ್, ಫ್ರೀಜ್ ಮಾಡಿದ ಸೂಪು, ತಾರೆ, ಘಮದ ಎಣ್ಣೆ, ಮೇಲೆ ಹಾಕುವ ನೋರಿ (ಒಣಗಿಸಿದ ಕಡಲ ಪಾಚಿಯ ಹಾಳೆ) ಮತ್ತು ಬಿದಿರ ಕಳಲೆ ಇರುತ್ತವೆ. ದೊಡ್ಡ ಪಾತ್ರೆಯಲ್ಲಿ ಒಬ್ಬರಿಗೆ ಕನಿಷ್ಠ ಒಂದು ಲೀಟರಿನ ಲೆಕ್ಕದಲ್ಲಿ ನೀರು ಕುದಿಸಿ, ಉಪ್ಪು ಬೇಡ. ಬಟ್ಟಲಿಗೆ ಬಿಸಿನೀರು ಹಾಕಿ ಬೆಚ್ಚಗೆ ಮಾಡಿ ಚೆಲ್ಲಿ. ತಾರೆ ಮತ್ತು ಎಣ್ಣೆ ಬಟ್ಟಲಿಗೆ ಹೋಗಲಿ, ಪಕ್ಕದ ಒಲೆಯಲ್ಲಿ ಸೂಪು ಕುದಿಯುತ್ತಿರಲಿ. ಎಲ್ಲ ತಯಾರಾದ ಮೇಲಷ್ಟೇ ನೂಡಲ್ಸನ್ನು ನೀರಿಗೆ ಬಿಡಿ. ಒಂದೂವರೆ ನಿಮಿಷ ಸಾಕು. ಕುದಿಯುವ ಸೂಪನ್ನು ಬಟ್ಟಲಿಗೆ ಸುರಿದು, ನೂಡಲ್ಸಿನ ನೀರನ್ನು ಚೆನ್ನಾಗಿ ಕೊಡವಿ ಹಾಕಿ, ತಿನ್ನುವವರನ್ನು ಆಗಲೇ ಕೂರಿಸಿರಿ. ಹೀಗೆ ಮಾಡಿದ ಬಟ್ಟಲು ನಮ್ಮ ಹಳೆಯ ಪಾರ್ಸೆಲ್‌ಗಿಂತ ಎಷ್ಟೋ ಚೆನ್ನಾಗಿರುತ್ತದೆ. ಇದನ್ನು ಧೈರ್ಯವಾಗಿ ಹೇಳುತ್ತೇವೆ.

ಕಿಟ್ಟಿನಲ್ಲಿ ಎರಡು ಬಗೆಯ ಸೂಪು ಇದೆ. ಒಂದು ಕೋಳಿಯದು. ಇನ್ನೊಂದು ಪೂರ್ತಿ ಸಸ್ಯಾಹಾರಿ, ಕೊಂಬು ಎಂಬ ಕಡಲ ಸಸ್ಯ ಮತ್ತು ಒಣಗಿದ ಶಿಟಾಕೆ ಅಣಬೆಯಿಂದ ಮಾಡಿದ್ದು. ಮಾಂಸವಿಲ್ಲದೆ ಸೂಪಿಗೆ ತೂಕ ಬರುತ್ತದಾ ಎಂಬ ಅನುಮಾನ ಕೆಲವರಿಗಿದೆ. ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ 1908ರಲ್ಲಿ ಕೊಂಬು ಸಾರಿನಿಂದಲೇ ಗ್ಲುಟಮೇಟ್ ಎಂಬ ರುಚಿಯ ಅಂಶವನ್ನು ಬೇರ್ಪಡಿಸಿ ಆ ರುಚಿಗೆ ಉಮಾಮಿ ಎಂಬ ಹೆಸರು ಕೊಟ್ಟರು. ಒಣಗಿದ ಶಿಟಾಕೆಯಲ್ಲಿ ಗ್ವಾನಿಲೇಟ್ ಎಂಬ ಇನ್ನೊಂದು ಅಂಶವಿದೆ. ಎರಡೂ ಒಂದೇ ಪಾತ್ರೆಗೆ ಸೇರಿದಾಗ ರುಚಿ ಎರಡರ ಮೊತ್ತಕ್ಕಿಂತ ಜಾಸ್ತಿಯಾಗುತ್ತದೆ. ಜಪಾನಿನ ಬೌದ್ಧ ಮಠಗಳ ಅಡುಗೆಯಲ್ಲಿ ಈ ಜೋಡಿ ಬಹಳ ಕಾಲದಿಂದ ಇದೆ. ನಾವು ಕೊಂಬುವನ್ನು ಕುದಿಸುವುದಿಲ್ಲ. ಕುದಿಸಿದರೆ ಲೋಳೆ ಬಿಟ್ಟು ಕಹಿಯಾಗುತ್ತದೆ. ಸುಮಾರು 60 ಡಿಗ್ರಿ ಬಿಸಿಯಲ್ಲಿ ನಿಧಾನವಾಗಿ ಅದರ ರಸ ಬಿಡಿಸುತ್ತೇವೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳುತ್ತೇವೆ. ಸೋಬಾದಲ್ಲಿ ಇರುವುದು ಬಕ್‌ವೀಟ್ ಎಂಬ ಕಾಳಿನ ಹಿಟ್ಟು. ಕೆಲವರಿಗೆ ಅದು ತೀವ್ರ ಅಲರ್ಜಿ ತರುತ್ತದೆ, ಜಪಾನಿನಲ್ಲಿ ಅದನ್ನು ಪ್ಯಾಕೆಟ್ ಮೇಲೆ ನಮೂದಿಸುವುದು ಕಡ್ಡಾಯ. ನಮ್ಮ ಸೋಬಾದಲ್ಲಿ ಐದರಲ್ಲಿ ಒಂದು ಪಾಲು ಗೋಧಿಯೂ ಇದೆ. ಹಾಗಾಗಿ ಗೋಧಿ ಆಗದವರಿಗೂ ಅದು ಸೂಕ್ತವಲ್ಲ. ಸೋಬಾ ಜೊತೆಗಿನ ಅದ್ದುರಸದಲ್ಲಿ ಒಣಗಿಸಿದ ಬೊನಿಟೊ ಮೀನು ಇರುತ್ತದೆ. ಸಸ್ಯಾಹಾರಿಗಳು ಕೊಂಬು ರಸ ಬೇಕು ಅಂತ ದಯವಿಟ್ಟು ಮೊದಲೇ ಹೇಳಿ.

ಇಲ್ಲಿಗೇ ಬಂದು ತಿನ್ನುವವರಿಗೆ ಏನು ಬದಲಾಗುತ್ತದೆ? ಮುಖ್ಯವಾಗಿ ಕಾಯುವುದು ಕಡಿಮೆಯಾಗುತ್ತದೆ. ನಮ್ಮ ನೂಡಲ್ಸ್ ಬೇಯಿಸುವ ಯಂತ್ರದಲ್ಲಿ ಆರೇ ಬುಟ್ಟಿಗಳಿವೆ. ಜನ ತುಂಬಿರುವ ಹೊತ್ತಿನಲ್ಲೇ ಪಾರ್ಸೆಲ್ ಆರ್ಡರ್‌ಗಳೂ ಬಂದು ಅರ್ಧ ಬುಟ್ಟಿಗಳು ಅದಕ್ಕೇ ಹೋಗುತ್ತಿದ್ದವು. ಎದುರಿಗೆ ಹಸಿದು ಕೂತವರು ನೋಡುತ್ತಾ ಇರಬೇಕಾಗುತ್ತಿತ್ತು. ಈಗ ಆರೂ ಬುಟ್ಟಿಗಳು ಕೂತವರಿಗೆ.

ಬುಟ್ಟಿಗಳು ಬಿಡುವಾದ್ದರಿಂದ ಇನ್ನೆರಡು ಕೆಲಸ ಸಾಧ್ಯವಾಗಿದೆ. ಒಂದು, ನೂಡಲ್ಸ್ ಎಷ್ಟು ಬಿಗಿ ಬೇಕು ಅಂತ ನೀವೇ ಹೇಳಬಹುದು: ಬಿಗಿ, ಸಾಧಾರಣ, ಮೆತ್ತಗೆ. ಮಕ್ಕಳಿಗೂ ಹಲ್ಲಿನ ತೊಂದರೆ ಇರುವವರಿಗೂ ಮೆತ್ತಗಿನದು ಒಳ್ಳೆಯದು. ಇನ್ನೊಂದು ಕಾಯೆದಾಮಾ, ಅಂದರೆ ಉಳಿದ ಸೂಪಿಗೆ ಹೊಸದಾಗಿ ಬೆಂದ ಇನ್ನೊಂದು ಸುತ್ತು ನೂಡಲ್ಸ್. ಜಪಾನಿನ ಫುಕುವೊಕಾ ನಗರದ ನಾಗಹಾಮಾದಲ್ಲಿ, ಮೀನು ಮಾರುಕಟ್ಟೆಯ ಸುತ್ತಲಿನ ಅಂಗಡಿಗಳಲ್ಲಿ ಬೆಳೆದ ಪದ್ಧತಿ ಇದು. ಅಲ್ಲಿನ ಕೆಲಸಗಾರರಿಗೆ ಬಿಡುವು ಕಡಿಮೆ, ಅದಕ್ಕೆ ಬೇಗ ಬೇಯುವ ಸಣ್ಣ ಎಳೆಯ ನೂಡಲ್ಸ್. ಸಣ್ಣ ಎಳೆ ಬೇಗ ಮೆತ್ತಗೂ ಆಗುತ್ತದೆ. ಒಂದೇ ಸಲ ಜಾಸ್ತಿ ಹಾಕಿಸಿಕೊಳ್ಳುವ ಬದಲು ಸ್ವಲ್ಪ ತಿಂದು ಮತ್ತೆ ಹಾಕಿಸಿಕೊಳ್ಳುವುದು ಅಲ್ಲಿ ರೂಢಿಯಾಯಿತು. ನಮ್ಮಲ್ಲಿ ಕಾಯೆದಾಮಾ ಬೇಕಿದ್ದರೆ ಬಟ್ಟಲಲ್ಲಿ ಸೂಪು ಅರ್ಧಕ್ಕೆ ಇಳಿಯುವ ಮೊದಲೇ ಕೂಗಿ ಹೇಳಿ. ಸೂಪು ಸಪ್ಪೆ ಅನ್ನಿಸಿದರೆ ಟೇಬಲ್ ಮೇಲೆ ತಾರೆಯ ಪುಟ್ಟ ಜಾಡಿ ಇಟ್ಟಿದ್ದೇವೆ.

ಒಬ್ಬರೇ ಬರಲು ಹಿಂಜರಿಯುವವರಿಗೆ ಒಂದು ಮಾತು. ರಾಮೆನ್ ಅಂಗಡಿಯ ಉದ್ದನೆಯ ಕೌಂಟರ್ ಇರುವುದೇ ಒಬ್ಬರೇ ಬರುವವರಿಗೆ. ಪುಸ್ತಕ ಓದುತ್ತಾ ತಿನ್ನಿ, ಸುಮ್ನೆ ಕೂತು ತಿನ್ನಿ, ಯಾರೂ ಮಾತಾಡಿಸುವುದಿಲ್ಲ. ಗುಂಪಾಗಿ ಬಂದವರಲ್ಲಿ ನಮ್ಮದೊಂದು ಕೋರಿಕೆ: ನಿಮ್ಮ ಬಟ್ಟಲು ಬಂದ ತಕ್ಷಣ ಶುರು ಮಾಡಿ, ಉಳಿದವರಿಗಾಗಿ ಕಾಯಬೇಡಿ. ಸಂಕೋಚವಾಗುವುದು ಸಹಜ. ಆದರೆ ನಾಲ್ವರೂ ಕಾದರೆ ಮೊದಲು ಬಂದ ಬಟ್ಟಲು ಕೆಡುತ್ತದೆ. ಸದ್ದು ಮಾಡಿ ಎಳೆದುಕೊಳ್ಳುವುದು ಅಭ್ಯಾಸವಿಲ್ಲದವರು ತಮಗೆ ಬಂದ ಹಾಗೆ ತಿನ್ನಿ, ಫೋರ್ಕ್ ಕೇಳಿದರೂ ಕೊಡುತ್ತೇವೆ. ಸೂಪನ್ನು ಪೂರ್ತಿ ಕುಡಿಯಲೇಬೇಕು ಅಂತಿಲ್ಲ. ಅದರಲ್ಲಿ ಉಪ್ಪು ಹೆಚ್ಚಿರುತ್ತದೆ, ಬಿಟ್ಟರೆ ಅಡುಗೆಯವರಿಗೆ ಬೇಜಾರಿಲ್ಲ.

ಅರ್ಧ ತಿಂದ ರಾಮೆನ್ ಕಟ್ಟಿಕೊಡಲು ಮಾತ್ರ ಆಗುವುದಿಲ್ಲ. ಹಸಿವು ಕಡಿಮೆ ಇದ್ದರೆ ಚಿಕ್ಕ ಬಟ್ಟಲು ಕೇಳಿ. ಬೇಕೆನಿಸಿದರೆ ಕಾಯೆದಾಮಾ ಇದ್ದೇ ಇದೆ.

ಪಾರ್ಸೆಲ್‌ಗೆಂದು ಮುಂಗಡ ಕೂಪನ್ ಕೊಂಡವರು ಅದನ್ನು ಟೇಬಲ್‌ನಲ್ಲೂ ಕಿಟ್‌ಗೂ ಬಳಸಬಹುದು. ಬೇಡವಾದರೆ ಹಣ ವಾಪಸ್ ಪಡೆಯಬಹುದು, ಕಾರಣ ಕೇಳುವುದಿಲ್ಲ. ಈ ತಿಂಗಳ ಕೊನೆಯವರೆಗೆ ಸೂಪಿನ ರಾಮೆನ್ ಪಾರ್ಸೆಲ್ ಎಂದಿನಂತೆ ಇರುತ್ತದೆ. ಕಿಟ್ ಬೇಕಾದವರು ಹಿಂದಿನ ದಿನ ಸಂಜೆಯೊಳಗೆ ತಿಳಿಸಬೇಕು, ಏಕೆಂದರೆ ನೂಡಲ್ಸನ್ನು ಆರ್ಡರ್ ಎಷ್ಟಿದೆಯೋ ಅಷ್ಟೇ ಕತ್ತರಿಸುತ್ತೇವೆ. ಮನೆಗೆ ತಂದ ಕೂಡಲೇ ನೂಡಲ್ಸ್ ಫ್ರಿಜ್‌ಗೆ, ಸೂಪು ಫ್ರೀಜರಿಗೆ ಹೋಗಲಿ. ಬಳಸಬೇಕಾದ ಕೊನೆಯ ದಿನವನ್ನು ಪ್ಯಾಕೆಟ್ ಮೇಲೆ ಬರೆದಿರುತ್ತೇವೆ. ಅಲರ್ಜಿ ಇದ್ದರೆ ಆರ್ಡರ್ ಕೊಡುವಾಗಲೇ ಹೇಳಿ.

ಇಂತಿ ನಿಮ್ಮ,
ರಾಮೆನ್ ಅಂಗಡಿಯ ಅಡುಗೆಮನೆ ಮತ್ತು ಕೌಂಟರಿನ ಎಲ್ಲರೂ