ವೈವಾ ಮುಗಿಯಿತು, ಮೂವರ ಋಣ ಬಾಕಿ ಇದೆ

ನಿನ್ನೆ ಪಿಎಚ್‌ಡಿ ವೈವಾ ಮುಗಿಯಿತು. ಮೆಸೇಜ್ ಹಾಕಿದವರಿಗೆಲ್ಲ ಇನ್ನೂ ಉತ್ತರ ಕೊಟ್ಟಿಲ್ಲ, ಬೇಜಾರು ಮಾಡ್ಕೋಬೇಡಿ. ಮೊದಲು ಮೂವರ ಹೆಸರು ಹಿಡಿಯದೆ ಋಣ ಹೇಳಿಕೊಳ್ಳುತ್ತೇನೆ.

ಹಾಸನಾಂಬೆ ಬಾಗಿಲು ತೆರೆದಿದ್ದ ವಾರ, ಊರ ತುಂಬ ಜನ. ಥೀಸಿಸ್ ಬೈಂಡಿಂಗ್‌ಗೆ ಕೊಡಲು ಎರಡೇ ದಿನ ಉಳಿದಿತ್ತು. ಲ್ಯಾಬಿನ ಜೂನಿಯರ್ ಹುಡುಗ ನನ್ನ ಎನರ್ಜಿ ಡಯಾಗ್ರಾಮ್ (ರಿಯಾಕ್ಷನ್ನಿನ ಪ್ರತಿ ಹಂತದಲ್ಲೂ ಶಕ್ತಿ ಎಷ್ಟೆಂದು ತೋರಿಸುವ ಚಿತ್ರ) ನೋಡಿ, "ಅಕ್ಕಾ, ಈ ಎರಡನೇ ಗುಡ್ಡ ಯಾಕೆ ಇಷ್ಟೆತ್ತರ?" ಅಂದ. ಆಕ್ಟಿವೇಷನ್ ಎನರ್ಜಿ, ಅಂದರೆ ರಿಯಾಕ್ಷನ್ ಮುಂದಕ್ಕೆ ಹೋಗಲು ಹತ್ತಿ ದಾಟಬೇಕಾದ ಶಕ್ತಿಯ ಗುಡ್ಡ, ಮೋಲ್‌ಗೆ 92 ಕಿಲೋಕ್ಯಾಲೊರಿ! ಬಿಸಿಯನ್ನೇ ಮಾಡದೆ ಒಂದೆರಡು ಗಂಟೆಯಲ್ಲಿ ನನ್ನ ಕಣ್ಣೆದುರೇ ಮುಗಿದಿದ್ದ ರಿಯಾಕ್ಷನ್ ಅದು. 92 ಇದ್ದರೆ ಈ ಜನ್ಮಕ್ಕೆ ಮುಗಿಯುತ್ತಿರಲಿಲ್ಲ. ಹುಡುಕಿದರೆ ತಪ್ಪು ನನ್ನದೇ. ಹಾರ್ಟ್ರೀ ಎಂಬ ಶಕ್ತಿಯ ಮಾನದಲ್ಲಿ ಬಂದ ಅಂಕಿಯನ್ನು ಕಿಲೋಕ್ಯಾಲೊರಿ ಮಾಡಲು ಮೊದಲ ಹಂತಕ್ಕೆ ಸರಿಯಾಗಿ 627.5ರಿಂದ ಗುಣಿಸಿದ್ದೆ, ಎರಡನೆಯದಕ್ಕೆ 2625.5ರಿಂದ. ಅದು ಕಿಲೋಜೂಲ್ ಲೆಕ್ಕ. ಒಂದು ಕಿಲೋಕ್ಯಾಲೊರಿಗೆ 4.184 ಕಿಲೋಜೂಲ್, ಅದರಿಂದ ಭಾಗಿಸಿದರೆ 22, ಅಷ್ಟೇ.

ಚಿತ್ರಗಳನ್ನೆಲ್ಲ ಸ್ಲೈಡಿನಲ್ಲಿ ಮೌಸ್ ಹಿಡಿದು ಕಣ್ಣಂದಾಜಿನಲ್ಲಿ ಎಳೆದಿದ್ದೆ, ಒಟ್ಟು 14. ಅಳುವೇ ಬಂತು. ಅವನು ಸುಮ್ಮನೆ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು, ಅಂಕಿಗಳಿಂದ ಗ್ರಾಫ್ ಎಳೆಯುವ ಗ್ನೂಪ್ಲಾಟ್ ಪ್ರೋಗ್ರಾಂ ಶುರು ಮಾಡಿದ. ಡೇಟಾ ಫೈಲಿನಲ್ಲಿ ಪ್ರತಿ ಮಟ್ಟಕ್ಕೆ ಎರಡು ಸಾಲು: ಎತ್ತರ ಒಂದೇ, ಎಡತುದಿ ಬಲತುದಿ ಬೇರೆ. ಆಮೇಲೆ ಒಂದು ಸಾಲು ಖಾಲಿ ಬಿಟ್ಟರೆ ಗೆರೆ ಅಲ್ಲಿಗೆ ಕಡಿಯುತ್ತದೆ. ಜಾಣತನವೆಲ್ಲ ಆ ಖಾಲಿ ಸಾಲಿನಲ್ಲೇ! ನಡುವಿನ ಚುಕ್ಕೆಗೆರೆಗಳಿಗೆ ಇನ್ನೊಂದು ಫೈಲ್. ಅಂಕಿ ತಿದ್ದಿ ಸ್ಕ್ರಿಪ್ಟ್ ಓಡಿಸಿದರೆ 14 ಚಿತ್ರವೂ ಹೊಸದಾಗಿ ಬಂದವು. ತಮ್ಮಾ, ಆ ರಾತ್ರಿ ನಿನಗೆ ಒಂದು ಟೀ ಕೂಡ ಕುಡಿಸಲಿಲ್ಲ ನಾನು. 1986ರಲ್ಲೇ ಈ ಗ್ನೂಪ್ಲಾಟ್ ಬರೆದ ಥಾಮಸ್ ವಿಲಿಯಮ್ಸ್, ಕಾಲಿನ್ ಕೆಲ್ಲಿ ಅವರಿಗೂ ಹಾಸನದಿಂದ ಒಂದು ನಮಸ್ಕಾರ.

ಬಿ.ಎಂ. ರಸ್ತೆಯ ಜೆರಾಕ್ಸ್ ಅಂಗಡಿ ಅಣ್ಣ, ದರ್ಶನದವರ ಗಲಾಟೆಯ ನಡುವೆಯೂ ಶಟರ್ ಅರ್ಧ ಇಳಿಸಿ ರಾತ್ರಿ 11ರ ತನಕ ಕಲರ್ ಪುಟ ತೆಗೆದುಕೊಟ್ಟಿರಿ. ಮರೆಯಲ್ಲ.

ಇನ್ನು ಅಪ್ಪ. 20 ವರ್ಷ ಮಂಗಳೂರು ರೂಟಿನಲ್ಲಿ ಬಸ್ ಓಡಿಸಿದವರು. ಚಿತ್ರ ನೋಡಿ, "ಇದು ಶಿರಾಡಿ ಘಾಟಿ ಥರ ಐತಲ್ಲವ್ವ. ಇಲ್ಲಿಂದ ಹೋಗೋವಾಗ ಚೂರು ಏರು, ಆಮೇಲೆ ಬರೀ ಇಳಿಜಾರು. ವಾಪಸ್ ಬರೋವಾಗ ತಾನೆ ಗಾಡಿ ಏದುಸಿರು ಬಿಡೋದು" ಅಂದರು. ನಿನ್ನೆ ಹಿಮ್ಮುಖ ಕ್ರಿಯೆಗೆ ಆಕ್ಟಿವೇಷನ್ ಎನರ್ಜಿ ಯಾಕೆ ಜಾಸ್ತಿ ಅಂತ ಕೇಳಿದಾಗ ಉತ್ತರವನ್ನೇನೋ ಇಂಗ್ಲಿಷಿನಲ್ಲೇ ಹೇಳಿದೆ. ಕಣ್ಮುಂದೆ ಇದ್ದದ್ದು ಮಾತ್ರ ಘಾಟಿ ಬುಡದ ಗುಂಡ್ಯದಿಂದ ಫಸ್ಟ್ ಗೇರಿನಲ್ಲಿ ಹತ್ತುತ್ತಿದ್ದ ಅಪ್ಪನ ಬಸ್ಸು.