ಅವರೆಕಾಳಿನ ಬೋಗುಣಿ ನನಗೆ ಬಿಡು

ಶಿಡ್ಲಘಟ್ಟ
ಡಿಸೆಂಬರ್ ಕೊನೆಯ ವಾರ

ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಟ್ರೀಟ್‌ಮೆಂಟ್ ಮುಗಿದು ಐದು ತಿಂಗಳಾಯ್ತಲ್ಲಮ್ಮಾ, ಇನ್ನೂ ಯಾಕೆ ಇಷ್ಟು ಸುಸ್ತು?" ಅಂತ. ಕ್ಯಾನ್ಸರ್ ಮತ್ತೆ ಬಂತಾ ಅಂತ ಕೇಳೋಕೆ ಬಾಯಿ ಬರದೆ ಹಾಗೆ ಕೇಳಿದೆ, ಅಲ್ವಾ? ನಾನು "ಏನಿಲ್ಲ ಬಿಡು" ಅಂದುಬಿಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ. ಎರಡು ದಿನದಿಂದ ಸ್ವಲ್ಪ ಸ್ವಲ್ಪವೇ ಇದನ್ನು ಬರೆಯುತ್ತಿದ್ದೇನೆ.

ನಾನು ಸುಸ್ತು ಕಾಣದವಳಲ್ಲ. ನಾಲ್ಕನೇ ಸಲ ಪೊರೆ ಕಳಚಿ ಜ್ವರ ಎದ್ದ ರೇಷ್ಮೆ ಹುಳ ಹೇಗೆ ಮೇಯುತ್ತದೆ ಅಂತ ನಿನಗೆ ಗೊತ್ತು. ಆ ಒಂದು ವಾರ ಎಷ್ಟು ಸೊಪ್ಪು ಹಾಕಿದರೂ ಸಾಲದು. ಹುಳಮನೆಯೊಳಗೆ ಮಳೆ ಬಂದ ಹಾಗೆ ಸದ್ದು. ರಾತ್ರಿ ಹನ್ನೊಂದಕ್ಕೆ ಸೊಪ್ಪು ಕೊಟ್ಟು ಮಲಗಿ, ನಾಲ್ಕಕ್ಕೆ ಎದ್ದು ತೋಟಕ್ಕೆ ಹೋಗುತ್ತಿದ್ದೆ. ಸೊಂಟ ಬಿದ್ದುಹೋಗುತ್ತಿತ್ತು. ಆದರೆ ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಸಾಕು, ಮೊದಲಿನ ಹಾಗೆ ಆಗಿಬಿಡುತ್ತಿದ್ದೆ. ಈ ಸುಸ್ತು ಅದಲ್ಲ. ರಾತ್ರಿಯೆಲ್ಲ ಮಲಗಿ ಎದ್ದರೂ ಮಲಗೇ ಇಲ್ಲ ಅನಿಸುತ್ತದೆ. ಸ್ನಾನ ಮಾಡಿ ಬಂದರೆ ತಲೆ ಬಾಚಲು ಕೈ ಏಳುವುದಿಲ್ಲ. ಹೇಳಬೇಕು ಅಂದುಕೊಂಡ ಮಾತು ಬಾಯಿಗೆ ಬರುವ ಮೊದಲೇ ಮರೆತುಹೋಗುತ್ತದೆ.

ಕೀಮೋ ನಡೆಯುವಾಗ ಕಾರಣ ಕಣ್ಣಿಗೆ ಕಾಣುತ್ತಿತ್ತು. ಆ ಔಷಧಿ ಮೂಳೆಯೊಳಗೆ ರಕ್ತ ತಯಾರಾಗುವ ಜಾಗಕ್ಕೂ ಪೆಟ್ಟು ಕೊಡುತ್ತದೆ. ಹೆಂಗಸರಿಗೆ 12 ಆದರೂ ಇರಬೇಕಾದ ಹಿಮೋಗ್ಲೋಬಿನ್ ನನಗೆ 8.4ಕ್ಕೆ ಇಳಿದಿತ್ತು. ಆಮೇಲೆ ಕರೆಂಟ್, ಅದೇ ರೇಡಿಯೇಷನ್, ಕೊಟ್ಟರು. ಅದರ ಸುಸ್ತು ಮೊದಲ ದಿನ ಗೊತ್ತೇ ಆಗಲಿಲ್ಲ. ವಾರ ಕಳೆದ ಹಾಗೆ ಏರುತ್ತಾ ಹೋಯಿತು. ವಿಜಯಪುರ, ದೇವನಹಳ್ಳಿ ದಾಟಿ ದಿನಾ ಬೆಂಗಳೂರಿಗೆ ಹೋಗಿ ಬರುವ ಬಸ್ಸಿನ ಆಯಾಸ ಬೇರೆ.

ಈಗ ಎಲ್ಲ ಮುಗಿದಿದೆ, ಕೂದಲೂ ಬಂದಿದೆ. ಅದಕ್ಕೇ ನೋಡಿದವರಿಗೆ ಅರ್ಥವಾಗುವುದಿಲ್ಲ. ಹೋದ ತಿಂಗಳು ನೆಂಟರೊಬ್ಬರು "ಮಲಗಿ ಮಲಗಿ ಅಭ್ಯಾಸವಾಗಿದೆ ಇವಳಿಗೆ" ಅಂದರು. ಆ ರಾತ್ರಿ ತುಂಬಾ ಅತ್ತೆ. ಸುಸ್ತೂ ಒಂದು ಹೇಳುವ ವಿಷಯವಾ ಅಂತ ಅಲ್ಲಿವರೆಗೆ ಡಾಕ್ಟರ ಮುಂದೆ ಬಾಯಿ ಬಿಟ್ಟಿರಲಿಲ್ಲ. ಈ ಸಲ ಹೇಳಿದೆ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳಿದರು. ಏಳು ಅಂದೆ. ರಕ್ತ ನೋಡಿದರು, ಥೈರಾಯ್ಡ್ ನೋಡಿದರು. ನಿದ್ದೆ ಬರುತ್ತಾ, ನೋವಿದೆಯಾ, ಮನಸ್ಸಿಗೆ ಬೇಜಾರಾ ಅಂತ ಕೇಳಿದರು. ನುಂಗುವ ಮಾತ್ರೆಗಳನ್ನೆಲ್ಲ ತೋರಿಸಿ ಅಂದರು. ಇವುಗಳಲ್ಲಿ ಯಾವುದರಿಂದಲಾದರೂ ಸುಸ್ತು ಜಾಸ್ತಿಯಾಗಬಹುದಂತೆ. ಹಾಗಿದ್ದರೆ ಅದನ್ನು ಸರಿಮಾಡಲು ದಾರಿ ಇದೆಯಂತೆ. ನನ್ನ ರಿಪೋರ್ಟುಗಳು ಚೆನ್ನಾಗೇ ಬಂದವು. ಟ್ರೀಟ್‌ಮೆಂಟ್ ಮುಗಿದ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಈ ಸುಸ್ತು ಉಳಿಯುತ್ತದೆ, ಸುಸ್ತಿದೆ ಅಂದ ಮಾತ್ರಕ್ಕೆ ಕಾಯಿಲೆ ಮರಳಿ ಬಂತು ಅಂತ ಅಲ್ಲ ಅಂದರು. ಈ ಸಾಲನ್ನು ಎರಡು ಸಲ ಓದು ಪುಟ್ಟಿ. ಆದರೆ ಒಮ್ಮೆಲೇ ಸುಸ್ತು ಏರಿದರೆ, ಉಸಿರು ಕಟ್ಟಿದರೆ, ಇಲ್ಲಾ ಎದೆ ನೋವು ಬಂದರೆ ಕಾಯದೆ ಆಸ್ಪತ್ರೆಗೆ ಬರಬೇಕಂತೆ. ನಿಮ್ಮಪ್ಪನಿಗೂ ಹೇಳಿದ್ದೇನೆ.

ದಿನಾ ನಡೆಯಿರಿ ಅಂದಾಗ ಮಾತ್ರ ನನಗೆ ಕೋಪ ಬಂತು. ನಡೆಯಲು ಆಗದವಳಿಗೆ ನಡೆ ಅಂದರೆ? ಆದರೆ ಪೂರ್ತಿ ಮಲಗೇ ಇದ್ದರೆ ಇರುವ ಕಸುವೂ ಕರಗುತ್ತದೆಯಂತೆ. ಮೊದಲ ದಿನ ಹುಣಸೆ ಮರದವರೆಗೆ ಹೋಗಿ ಬಂದೆ. ಈಗ ಅರಳಿಕಟ್ಟೆ ಮುಟ್ಟಿ ಬರುತ್ತೇನೆ. ನಿಜವಾಗಲೂ ಇದರಷ್ಟು ಬೇರೆ ಯಾವುದೂ ನನಗೆ ಸಹಾಯ ಮಾಡಿಲ್ಲ. ಹಗಲು ಮಲಗಿದರೆ ಅರ್ಧ ಗಂಟೆ ಅಷ್ಟೇ, ಜಾಸ್ತಿಯಾದರೆ ರಾತ್ರಿ ನಿದ್ದೆ ಕೆಡುತ್ತದೆ. ಅಡುಗೆ ಸ್ಟೂಲಿನ ಮೇಲೆ ಕೂತು ಮಾಡುತ್ತೇನೆ.

ಒಂದು ದಿನ ಮೈ ಹಗುರವಾಗಿದೆ ಅಂತ ಹುಳಮನೆ ಪೂರ್ತಿ ತೊಳೆದೆ. ಆಮೇಲೆ ಮೂರು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಈಗ ಒಳ್ಳೆಯ ದಿನದಲ್ಲೂ ಅರ್ಧಕ್ಕೇ ಕೈ ನಿಲ್ಲಿಸುತ್ತೇನೆ. ಇದು ತುಂಬಾ ಕಷ್ಟ. ಇನ್ನೂ ಕಲಿಯುತ್ತಿದ್ದೇನೆ.

ಹುಳ ಜ್ವರಕ್ಕೆ ಕೂತಾಗ ನಾವೇನು ಮಾಡುತ್ತೇವೆ ಹೇಳು. ಸುಣ್ಣದ ಪುಡಿ ಎರಚಿ ಸುಮ್ನೆ ಬಿಟ್ಟುಬಿಡುತ್ತೇವೆ. ಮುಟ್ಟುವುದಿಲ್ಲ, ಸೊಪ್ಪು ಹಾಕುವುದಿಲ್ಲ. ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಒಳಗೆ ಹೊಸ ಚರ್ಮ ಬರುತ್ತಿರುತ್ತದೆ. ನಾನು ಮಲಗಿದಾಗಲೂ ಹಾಗೇ ಬಿಡು. ಗಂಟೆಗೊಮ್ಮೆ ಬಂದು ಹಣೆ ಮುಟ್ಟಬೇಡ. ಆದರೆ ಜ್ವರ ಎದ್ದ ಹುಳಕ್ಕೆ ಸೊಪ್ಪು ಹಾಕದೆ ಇರುತ್ತೇವಾ? ದೀಪಾವಳಿಗೆ ಬಂದಾಗ ನೀನು ಒಂದೊಂದೇ ಕೆಲಸ ನನ್ನ ಕೈಯಿಂದ ತಗೊಂಡುಬಿಟ್ಟೆ. ಪ್ರೀತಿಯಿಂದಲೇ ತಗೊಂಡೆ, ಗೊತ್ತು. ಮೂರು ದಿನ ನನ್ನ ಮನೆಯಲ್ಲೇ ನೆಂಟರ ಹಾಗೆ ಕೂತಿದ್ದೆ. ಅದು ಸುಸ್ತಿಗಿಂತ ಜಾಸ್ತಿ ನೋಯಿಸಿತು.

ಸಂಕ್ರಾಂತಿಗೆ ಬರುತ್ತೀಯಲ್ಲ. ಹೊಲದ ಅವರೆಗೆ ಈಗಲೇ ಸೊನೆ ಬಂದಿದೆ. ನೀರು ತರುವುದು, ಖಾರ ರುಬ್ಬುವುದು, ಮುದ್ದೆ ತಿರುವುವುದು ನಿನ್ನ ಪಾಲು. ನೆನೆಹಾಕಿದ ಕಾಳಿನ ಬೋಗುಣಿ ಮಾತ್ರ ನನ್ನ ಮುಂದೆ ಇಡು. ಜಗಲಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಹಿತುಕುತ್ತೇನೆ. ಮಧ್ಯದಲ್ಲಿ ಕೈ ಸೋತರೆ ನಾನೇ ಕರೆಯುತ್ತೇನೆ. ಆಗ ಬಂದು ಪಕ್ಕದಲ್ಲಿ ಕೂತು ಉಳಿದದ್ದು ಮುಗಿಸಿಕೊಡು.

ನಿನ್ನ ಅಮ್ಮ