ಎಸ್.ಪಿ. ರೋಡಿನ ಆ ಹುಡುಗನಿಗೆ

ವಿಂಡೋಸನ್ನು ವೇಗದ ಹೊಸ ಡಿಸ್ಕಾದ ಎಸ್‌ಎಸ್‌ಡಿಗೆ ನಾನೇ ಕ್ಲೋನ್ (ಇದ್ದ ಹಾಗೇ ನಕಲು) ಮಾಡಿ, ಹಳೇ ಹಾರ್ಡ್ ಡಿಸ್ಕ್ ಬಿಚ್ಚಿದ್ದೇ ತಡ, ಕಂಪ್ಯೂಟರ್ ಕಪ್ಪು ಪರದೆ ತೋರಿಸಿ ಕೂತುಬಿಟ್ಟಿತು. ಮಗಳ ಪ್ರಾಜೆಕ್ಟ್ ಮರುದಿನವೇ ಕೊಡಬೇಕಿತ್ತು. ಸಿಪಿಯು ಹೊತ್ತು ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಓಡಿದಾಗ ಷಟರ್‌ಗಳು ಇಳಿಯುತ್ತಿದ್ದವು. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯ ಹುಡುಗ ಅರ್ಧ ಎಳೆದ ಷಟರನ್ನು ಮತ್ತೆ ಮೇಲೆತ್ತಿದ.

"ವಿಂಡೋಸ್ ಶುರು ಮಾಡೋ ಬೂಟ್ ಫೈಲ್ ಇರೋ ಇಎಫ್‌ಐ ಪಾರ್ಟಿಷನ್ ಹಳೇ ಡಿಸ್ಕಲ್ಲೇ ಉಳ್ಕೊಂಡಿದೆ ಸಾರ್. ಡೇಟಾ ಎಲ್ಲೂ ಹೋಗಿಲ್ಲ." ಆ ಕೊನೇ ಮಾತಿಗೆ ಹೋದ ಜೀವ ಬಂತು.

ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಹೊಸ ಡಿಸ್ಕಲ್ಲಿ 100 ಎಂಬಿ ಜಾಗ ಬಿಡಿಸಿ, ಬೂಟ್ ಫೈಲನ್ನು ಅಲ್ಲಿ ಹೊಸದಾಗಿ ಬರೆಯುವ ಬಿಸಿಡಿಬೂಟ್ ಕಮಾಂಡ್ ಕೊಟ್ಟ. 20 ನಿಮಿಷ, ಅಷ್ಟೇ. ಹಳೇ ಡಿಸ್ಕಿಗೆ ಟೇಪ್ ಅಂಟಿಸಿ "ಒಂದು ವಾರ ಫಾರ್ಮ್ಯಾಟ್ ಬೇಡ" ಅಂತ ಬರೆದ. ಫ್ಯಾನಿನ ಧೂಳನ್ನೂ ಬ್ರಷ್‌ನಲ್ಲಿ ಒರೆಸಿದ (ಅದನ್ನು ನಾನು ಕೇಳಿಯೇ ಇರಲಿಲ್ಲ!). 200 ರೂಪಾಯಿ ಸಾಕೆಂದ.

ಅವಸರದಲ್ಲಿ ಹೆಸರೂ ಕೇಳಲಿಲ್ಲ. ಥ್ಯಾಂಕ್ಸ್ ಕಣಪ್ಪ.